ಶಾಲು ಹೊದ್ದ ಫೋಟೋ

ಪತ್ರಿಕೋದ್ಯಮ ವಿಭಾಗದ ಮುಖ್ಯಸ್ಥ ಹೊಸೂರಮಠರಿಗೆ ಎಲ್ಲೋ ಸನ್ಮಾನವಾಯಿತು. ಶಾಲು ಹೊದ್ದ ತಮ್ಮ ಫೋಟೋವನ್ನು ಅಟೆಂಡರ್ ಹುಲಿಗೆವ್ವನ ಕೈಗಿಟ್ಟು ಗುಡುಗಿದರು: "ನೋಟಿಸ್ ಬೋರ್ಡಿನಾಗ ಇದೊಂದ ಕಾಣಬೇಕು. ಬ್ಯಾರೆ ಯಾವ ಹಾಳಿನೂ ಕಾಣಬಾರದು!"

ರೇಡಿಯೋ ತರಬೇತಿಗೆ ಅರ್ಜಿ ಹಾಕಲು ಮರುದಿನವೇ ಕೊನೆ; ಅದರ ನೋಟಿಸೂ ಅದೇ ಬೋರ್ಡಿನಲ್ಲಿತ್ತು.

"ಆತ್ರಿ ಸರ್" ಎಂದವಳೇ ಹುಲಿಗೆವ್ವ ಆ ನೋಟಿಸಿನ ಮೇಲೆಯೇ ಫೋಟೋ ಇಟ್ಟು, ತಲೆಯ ಹತ್ತಿರ ಒಂದೇ ಪಿನ್ನು ಚುಚ್ಚಿ ತೂಗುಬಿಟ್ಟಳು. ಎದುರು ಬಂದ ಹುಡುಗಿಯ ಕಿವಿಯಲ್ಲಿ, "ಸಾಹೇಬರನ್ನ ಸ್ವಲ್ಪ ಎತ್ತಿ ನೋಡವ್ವಾ" ಅಂದಳು.

ಮಧ್ಯಾಹ್ನ ಸಾಹೇಬರು ಕಿಟಕಿಯಲ್ಲಿ ಇಣುಕಿದರೆ, ಬೋರ್ಡಿನ ಮುಂದೆ ನೂಕುನುಗ್ಗಲು! ಒಬ್ಬೊಬ್ಬರೂ ಫೋಟೋ ಮುಟ್ಟಿ ಹೋಗುತ್ತಿದ್ದಾರೆ. ಸಾಹೇಬರು ಹಿಗ್ಗಿ ಮೇಜಿನ ಡ್ರಾಯರ್ ಎಳೆದರು.

"ಹುಲಿಗೆವ್ವಾ, ಇನ್ನೂ ಫೋಟೋ ಅದಾವ. ಎಲ್ಲಾ ಹಚ್ಚು!"

"ಹಚ್ತೀನ್ರಿ. ಒಂದು ದೊಡ್ಡದು ಇದ್ರ ಕೊಡ್ರಿ ಸರ್."

ಸ್ಕಾಲರ್‌ಶಿಪ್ ನೋಟಿಸು ಬಲು ಉದ್ದವಿತ್ತು.