ಬಿಳಿ ಕಣದ ಹುಟ್ಟೂರು

ಆಕಾಶದಿಂದ ಬಿದ್ದ ಕರಿಕಲ್ಲೊಂದರೊಳಗೆ ಒಂದು ಬಿಳಿ ಕಣವಿತ್ತು. "ನಾನು ಹುಟ್ಟಿದ್ದು ಸೂರ್ಯನ ಮಗ್ಗುಲಲ್ಲಿ. ಗ್ರಹಗಳು ಹುಟ್ಟುವ ಮುಂಚೆಯೇ ಯಾವುದೋ ಗಾಳಿ ನನ್ನನ್ನು ದೂರದ ಚಳಿಗೆ ತಂದು ಹಾಕಿತು" ಎಂದು ಅದು ಸದಾ ಹಲುಬುತ್ತಿತ್ತು.

ಸುತ್ತ ಅಂಟಿಕೊಂಡಿದ್ದ ಕಪ್ಪು ಜೇಡಿಮಣ್ಣು ನಗುತ್ತಿತ್ತು. "ನಾವೆಲ್ಲ ಹಿಮದ ಸೀಮೆಯವರು. ನೀನೂ ಅಲ್ಲಿಯವನೇ. ಸುಮ್ಮನಿರು ಮಾರಾಯ."

ಕಲ್ಲು ಪ್ರಯೋಗಾಲಯ ಸೇರಿತು. ಪರಮಾಣುಗಳನ್ನು ತೂಗುವ ಯಂತ್ರ ಕೇಳಿತು: "ಯಾವ ಊರಾಯಿತು ನಿಮ್ಮದು?"

ಕಣ ಹೇಳಿತು.

"ಬಾಯಿಮಾತು ಸಾಲದು. ಒಂದೊಂದು ಸೀಮೆಯ ಆಮ್ಲಜನಕಕ್ಕೆ ಒಂದೊಂದು ತೂಕ; ನಿಮ್ಮೊಳಗಿನದನ್ನು ತೂಗಿದರೆ ಹುಟ್ಟೂರು ತಿಳಿಯುತ್ತದೆ. ಆದರೆ ಅದಕ್ಕೆ ಕಿರಣ ಬಿಟ್ಟು ನಿಮ್ಮನ್ನು ಕೊಂಚ ಕೆರೆಯಬೇಕು. ಕೆರೆದದ್ದು ಮತ್ತೆ ಬೆಳೆಯುವುದಿಲ್ಲ."

"ಕೆರೆಯಿರಿ."

ಕಿರಣ ತಾಗಿತು. ಯಂತ್ರ ತೂಗಿ ನೋಡಿತು. "ಜೇಡಿಯ ಆಮ್ಲಜನಕಕ್ಕಿಂತ ನಿಮ್ಮದು ಹಗುರ. ಸೂರ್ಯನಲ್ಲಿರುವಂಥದ್ದೇ. ನೀವು ಹೇಳಿದ್ದು ನಿಜ."

ಜೇಡಿ ನಾಚಿತು. "ತಪ್ಪಾಯಿತು ಕಣಪ್ಪ. ಇನ್ನಾದರೂ ನೆಮ್ಮದಿಯಾಗಿರು."

ಕಣಕ್ಕೆ ಅದು ಕೇಳಿಸಲೇ ಇಲ್ಲ. ಕಿರಣ ತಾಗಿದ ಜಾಗ ಇನ್ನೂ ಬೆಚ್ಚಗಿತ್ತು. ಎಷ್ಟೋ ಕೋಟಿ ವರ್ಷಗಳ ಮೇಲೆ ಅದಕ್ಕೆ ಬೆಚ್ಚಗಾಗಿತ್ತು.

"ಸ್ವಾಮೀ," ಎಂದು ಅದು ಯಂತ್ರವನ್ನು ಕೇಳಿತು, "ಇನ್ನೊಂದು ಸಲ ತೂಗುತ್ತೀರಾ?"