ಫೈರ್‌ವಾಲಿನ ಎರಡನೆಯ ಬಾಗಿಲು

ಮಲಪ್ರಭೆಯ ದಡದ ಆಶ್ರಮವೊಂದರಲ್ಲಿ ಗುರುಸಿದ್ಧಯ್ಯ ಎಂಬ ಹಿರಿಯರಿದ್ದರು. ದೂರವಾಣಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಆಶ್ರಮದ ಆಸ್ಪತ್ರೆಗೆ ಕಂಪ್ಯೂಟರುಗಳ ಜಾಲ ಹೆಣೆದುಕೊಟ್ಟವರು ಅವರೇ.

ಶಿವಲೀಲಾ ಎಂಬ ಹುಡುಗಿ ಅವರ ಶಿಷ್ಯೆ. ಬೆಳಿಗ್ಗೆ ಧ್ಯಾನಕ್ಕೆ ಕೂರುವುದನ್ನೂ ಹಗಲು ಜಾಲ ಕಾಯುವುದನ್ನೂ ಅವರಿಂದಲೇ ಕಲಿಯುತ್ತಿದ್ದಳು. ಗುರುಗಳ ಕಣ್ಣು ಮಂಜಾಗುತ್ತಿತ್ತು. ಪರದೆಯ ಮೇಲಿನ ಅಕ್ಷರಗಳನ್ನು ಈಚೆಗೆ ಅವಳೇ ಓದಿ ಹೇಳಬೇಕಿತ್ತು.

ಆಸ್ಪತ್ರೆಯ ಜಾಲಕ್ಕೂ ಹೊರಲೋಕಕ್ಕೂ ನಡುವೆ ಒಂದು ಪೆಟ್ಟಿಗೆ ಇತ್ತು, ಫೈರ್‌ವಾಲ್. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಎಂದು ನೋಡುವುದು ಅದರ ಕೆಲಸ. ಆ ಪೆಟ್ಟಿಗೆಗೇ ಅಪ್ಪಣೆ ಕೊಡಬೇಕೆಂದರೆ ಅದಕ್ಕೊಂದು ಬಾಗಿಲು ಬೇಕಲ್ಲ? ಆ ಬಾಗಿಲು ರೋಗಿಗಳು ಕೂರುವ ಹಜಾರದ ವೈಫೈ ತಂತಿ ಬಂದು ಸೇರುವ ಕಿಂಡಿಯ, ಅಂದರೆ ಪೋರ್ಟಿನ, ಕಡೆಗಿತ್ತು.

ಒಂದು ದಿನ ಹಜಾರದಲ್ಲಿ ಕೂತಿದ್ದಾಗ ಶಿವಲೀಲಾಗೆ ಅದು ಹೊಳೆಯಿತು. ಓಡಿಹೋಗಿ ಗುರುಗಳಿಗೆ ಹೇಳಿದಳು.

"ಹಜಾರದಲ್ಲಿ ಕೂತ ಯಾರ ಫೋನಿನಿಂದಲಾದರೂ ನಮ್ಮ ಫೈರ್‌ವಾಲಿನ ಬಾಗಿಲು ತಟ್ಟಬಹುದು! ಅದನ್ನು ಕಚೇರಿ ಕಡೆಯ ಪೋರ್ಟಿಗೆ ಬದಲಿಸಬೇಕು."

"ಸರಿಯಾಗಿ ನೋಡಿದ್ದೀ," ಅಂದರು ಗುರುಗಳು. "ಸ್ವಲ್ಪ ಅಡ್ಡಾಗಿ ಎದ್ದು ಬರುತ್ತೇನೆ. ಕೂಡಿಯೇ ಮಾಡೋಣ."

ಅವಳು ಕಾಯಲಿಲ್ಲ. ಅವರು ಏಳುವಷ್ಟರಲ್ಲಿ ಕೆಲಸ ಮುಗಿದಿರಬೇಕು, ಅವರ ಮುಖ ಅರಳಬೇಕು ಎಂಬ ಆಸೆ.

ಹಜಾರದಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆಗೆ ಅಪ್ಪಣೆ ಕೊಡುವ ಪುಟ ತೆರೆದಳು. ಹಜಾರದ ಪೋರ್ಟಿನ ಮುಂದಿದ್ದ, ಬಾಗಿಲು ಇಲ್ಲಿ ಎಂಬ ಗುರುತನ್ನು ತೆಗೆದಳು. ಮರುಕ್ಷಣ ಕಚೇರಿಯ ಪೋರ್ಟಿಗೆ ಅದೇ ಗುರುತು ಹಾಕುವವಳಿದ್ದಳು.

ಪುಟ ಮತ್ತೆ ತೆರೆಯಲೇ ಇಲ್ಲ.

ಕಚೇರಿಗೆ ಹೋಗಿ ಅಲ್ಲಿಂದ ಪ್ರಯತ್ನಿಸಿದಳು. ಅಲ್ಲಿಯೂ ಬಾಗಿಲಿಲ್ಲ. ಪೆಟ್ಟಿಗೆ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಆದರೆ ಯಾರ ಮಾತನ್ನೂ ಕೇಳುವಂತಿರಲಿಲ್ಲ.

ಅಷ್ಟರಲ್ಲಿ ನರ್ಸ್ ಕಸ್ತೂರಿ ಬಂದಳು. "ಶಿವಲೀಲಾ, ಹೃದಯದ ಡಾಕ್ಟರು ಇವತ್ತು ಬೇರೆ ಆಸ್ಪತ್ರೆಯಿಂದ ವೀಡಿಯೋದಲ್ಲಿ ನೋಡುತ್ತಾರಂತೆ. ಅಲ್ಲಿಯ ಕಂಪ್ಯೂಟರಿನ ಹೊಸ ವಿಳಾಸವನ್ನು ಫೈರ್‌ವಾಲಿನಲ್ಲಿ ಒಳಗೆ ಬಿಡು. ಬೇಗ. ಕೂಸಿನ ತುಟಿ ನೀಲಿಯಾಗುತ್ತಿದೆ."

ಕಚೇರಿಯ ಹೊಸ್ತಿಲ ಬಳಿ ಎಳೆಯ ಬಾಣಂತಿಯೊಬ್ಬಳು ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳು ಶಿವಲೀಲಾಳನ್ನೇ ನೋಡುತ್ತಿದ್ದಳು.

ಶಿವಲೀಲಾ ಗುರುಗಳ ಕೋಣೆಗೆ ಓಡಿದಳು. ಮಾತು ತೊದಲಿತು. ಆದರೂ ಏನನ್ನೂ ಮುಚ್ಚಿಡದೆ ಹೇಳಿದಳು.

ಗುರುಗಳು ಎದ್ದು ಕೂತರು. "ಬಾಗಿಲು ಹಾಕಿದಾಗ ನೀನು ಎಲ್ಲಿದ್ದೆ?"

"ಹೊರಗೆ."

"ಒಳಗೆ ಯಾರಿದ್ದರು?"

"ಯಾರೂ ಇಲ್ಲ."

"ಹಾಗಾದರೆ ಪೆಟ್ಟಿಗೆಯ ಹತ್ತಿರವೇ ಹೋಗಬೇಕು. ಪೆಟ್ಟಿಗೆ ಇರುವ ಕೋಣೆಯ ಕಪಾಟಿನಲ್ಲಿ ನೀಲಿ ತಂತಿ ಇದೆ. ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ಪೆಟ್ಟಿಗೆಯ ಮೈಗೇ ಚುಚ್ಚು. ಅದು ನೇರ ಮಾತಾಡುತ್ತದೆ."

ಅವರು ಕೋಲಿಗಾಗಿ ತಡಕಾಡಿದರು. ಅವಳು ಕೋಲನ್ನು ಕೈಗಿಟ್ಟು ತೋಳು ಹಿಡಿಯಲು ಬಂದಳು.

"ನನ್ನನ್ನು ಹಿಡಿಯಬೇಡ. ಓಡು."

"ನೀವಿಲ್ಲದೆ ನಾನು ಹೇಗೆ..."

"ಬರುತ್ತಿದ್ದೇನಲ್ಲ."

ಅವಳು ಓಡಿದಳು. ತಂತಿ ಚುಚ್ಚಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಒಮ್ಮೆ ತಪ್ಪಾಯಿತು. ಅಳಿಸಿ ಮತ್ತೆ ಬರೆದಳು. ಹಜಾರದ ಬಾಗಿಲು ತೆರೆದುಕೊಂಡಿತು. ಡಾಕ್ಟರ ಹೊಸ ವಿಳಾಸವನ್ನು ಒಳಗೆ ಬಿಟ್ಟಳು.

ಆಚೆ ಕೋಣೆಯಿಂದ ಡಾಕ್ಟರ ದನಿ ಕೇಳಿಸಿತು. "ಮಗುವನ್ನು ಇನ್ನಷ್ಟು ಹತ್ತಿರ ಹಿಡಿಯಿರಿ."

ಹಿಂತಿರುಗಿ ನೋಡಿದರೆ ಗುರುಗಳು ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತ ನಿಂತಿದ್ದರು. ಒಳಗೆ ಬಂದಿರಲಿಲ್ಲ.

ತಾಯಿ, ಮಗು ಇಬ್ಬರನ್ನೂ ಆಶ್ರಮದ ಜೀಪಿನಲ್ಲಿ ಆಗಲೇ ಪಟ್ಟಣಕ್ಕೆ ಕಳಿಸಿದರು.

ಸಂಜೆ ಶಿವಲೀಲಾ ಊಟಕ್ಕೆ ಬರಲಿಲ್ಲ. ನದಿಯ ಮೆಟ್ಟಿಲ ಮೇಲೆ ಕೂತಿದ್ದಳು. ಗುರುಗಳು ಕೋಲೂರುತ್ತ ಬಂದು, ಒಂದು ಲೋಟ ಮಜ್ಜಿಗೆ ಅವಳ ಪಕ್ಕದಲ್ಲಿಟ್ಟು ಕೂತರು. ಅರ್ಧ ಮಜ್ಜಿಗೆ ದಾರಿಯಲ್ಲೇ ಚೆಲ್ಲಿತ್ತು.

"ಆ ಕೂಸಿಗೆ ಏನಾದರೂ ಆಗಿದ್ದರೆ?" ಅಂದಳು.

"ಆಗಬಹುದಿತ್ತು."

ಅವಳು ಅತ್ತಳು. ಅವರು ಅವಳ ಬೆನ್ನ ಮೇಲೆ ಕೈಯಿಟ್ಟು ನೀರಿನ ಕಡೆ ನೋಡುತ್ತಿದ್ದರು.

"ಬೈಯಿರಿ, ಗುರುಗಳೇ."

"ಮಧ್ಯಾಹ್ನದಿಂದ ನೀನೇ ಬೈದುಕೊಳ್ಳುತ್ತಿದ್ದೀ. ನಾನು ಬೇರೆ ಸೇರಿಕೊಳ್ಳಲೇ?" ಲೋಟವನ್ನು ಅವಳ ಕೈಗೆ ಕೊಟ್ಟರು. "ಕುಡಿ. ನಾಳೆ ಬದಲಿಸೋಣ."

"ಮತ್ತೆ ನಾನೇ?"

"ಬಾಗಿಲು ಇನ್ನೂ ಹಜಾರದ ಕಡೆಗೇ ಇದೆಯಲ್ಲ."

ಮರುದಿನ ಬೆಳಿಗ್ಗೆ ಪಟ್ಟಣದಿಂದ ಸುದ್ದಿ ಬಂತು. ಕೂಸಿಗೆ ಚಿಕಿತ್ಸೆಯಾಗಿತ್ತು, ಹಾಲು ಕುಡಿಯುತ್ತಿತ್ತು.

ಇಬ್ಬರೂ ಹಜಾರದಲ್ಲಿ ಕೆಲಸಕ್ಕೆ ಕೂತರು. ಶಿವಲೀಲಾ ಹಜಾರದ ಗುರುತನ್ನು ಮುಟ್ಟಲಿಲ್ಲ. ಮೊದಲು ಕಚೇರಿಯ ಪೋರ್ಟಿಗೆ ಗುರುತು ಹಾಕಿದಳು. ಆಮೇಲೆ ಕಚೇರಿಗೆ ಹೋಗಿ ಅಲ್ಲಿಯ ಕಂಪ್ಯೂಟರಿನಿಂದ ಬಾಗಿಲು ತಟ್ಟಿದಳು. ತೆರೆಯಿತು.

"ತೆರೆಯಿತು!" ಅಂತ ಅಲ್ಲಿಂದಲೇ ಕೂಗಿದಳು.

"ಪುಟದಿಂದ ಹೊರಗೆ ಬಂದು ಮತ್ತೆ ಒಳಗೆ ಹೋಗು," ಅಂತ ಹಜಾರದಿಂದ ಗುರುಗಳು ಕೂಗಿದರು.

ಮತ್ತೆ ಹೋದಳು. ಮತ್ತೆ ತೆರೆಯಿತು. ಆಮೇಲೆಯೇ, ಕಚೇರಿಯಲ್ಲಿ ಕೂತು, ಹಜಾರದ ಬಾಗಿಲನ್ನು ಮುಚ್ಚಿದಳು. ಗುರುಗಳು ನಿಧಾನವಾಗಿ ನಡೆದು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತರು.

"ಈಗ ಇನ್ನೊಂದು ಕೆಲಸ," ಅಂದರು. "ಈ ಪೆಟ್ಟಿಗೆಗೆ ಅಪ್ಪಣೆ ಕೊಡುವವರು ಯಾರ್‍ಯಾರು, ಓದು."

"ನೀವು, ನಾನು. ಇಬ್ಬರೇ."

"ನನ್ನ ಹೆಸರು ತೆಗೆ."

ಅವಳ ಕೈ ಹಾಗೇ ನಿಂತಿತು. "ನಿನ್ನೆ ಅಷ್ಟೆಲ್ಲ ಆದಮೇಲೂ?"

"ನನಗೆ ಅಕ್ಷರ ಕಾಣುವುದಿಲ್ಲ, ತಾಯಿ. ಕಾಣದವನ ಕೈಯಲ್ಲಿ ಬೀಗದ ಕೈ ಇರಬಾರದು."

"ಈಗಲೇ ಯಾಕೆ? ನೀವು ಇನ್ನೂ ಇದ್ದೀರಲ್ಲ, ಗುರುಗಳೇ!"

ಗುರುಸಿದ್ಧಯ್ಯನವರು ಅವಳ ದನಿ ಬಂದ ಕಡೆಗೆ ತಿರುಗಿ ನಕ್ಕರು.

"ನೀನು ಎಡವಿದರೆ ದಾರಿ ಹೇಳಲು ಇನ್ನೂ ಇದ್ದೇನಲ್ಲ, ಅದಕ್ಕೇ ಈಗ ತೆಗೆ ಅಂದದ್ದು."