ಕಡಲಿಗೆ ಇಟ್ಟ ದೀಪ

“ಗುರುಗಳೇ, ದೇವರನ್ನು ನಂಬದೆ ಬದುಕಿದವರಿಗೆ ಗತಿಯುಂಟೆ?” ಎಂದು ಶಿಷ್ಯ ಕೇಳಿದ.

ಅವನು ತಂದೆಯ ಉತ್ತರಕ್ರಿಯೆ ಮುಗಿಸಿ ಆ ಬೆಳಿಗ್ಗೆಯಷ್ಟೇ ಊರಿನಿಂದ ಮಠಕ್ಕೆ ಮರಳಿದ್ದ. ಬೋಳಿಸಿದ ತಲೆಯಲ್ಲಿ ಕೂದಲು ಇನ್ನೂ ಚಿಗುರಿರಲಿಲ್ಲ.

“ಯಾರ ವಿಷಯ ಕೇಳುತ್ತಿದ್ದೀಯ?” ಎಂದರು ಗುರುಗಳು.

“ನನ್ನ ಅಪ್ಪನದು. ಅವರು ಗುಡಿಯ ಮೆಟ್ಟಿಲು ಹತ್ತಿದವರಲ್ಲ. ಹಬ್ಬದ ದಿನವೂ ಕೈ ಮುಗಿದದ್ದನ್ನು ನಾನು ಕಾಣೆ. ಆದರೆ ದಿಕ್ಕಿಲ್ಲದವರು ಯಾರೇ ಸತ್ತರೂ ಹೆಗಲು ಕೊಡಲು ಮೊದಲು ಹೋಗುತ್ತಿದ್ದವರು ಅವರೇ. ದೇವರಿಲ್ಲದವನಿಗೆ ದೇವರ ಮುಂದೆ ಹೆಸರೆಲ್ಲಿಯದು ಎಂದು ಊರಿನವರು ಈಗ ಆಡಿಕೊಳ್ಳುತ್ತಾರೆ. ಇವತ್ತು ಸಂಜೆಯ ಪ್ರಾರ್ಥನೆಯಲ್ಲಿ ತೀರಿಕೊಂಡವರ ಹೆಸರು ಹೇಳುವಾಗ ಅಪ್ಪನ ಹೆಸರು ಹೇಳಲೋ ಬೇಡವೋ, ನನಗೆ ತಿಳಿಯದಾಗಿದೆ.”

ಗುರುಗಳು ಒಂದು ಕತೆ ಹೇಳಿದರು.

ಕಡಲ ದಂಡೆಯಲ್ಲಿ ಮೀನುಗಾರರ ಒಂದು ಊರು. ಊರಿನ ಅಂಚಿಗೆ, ನೀರಿನೊಳಕ್ಕೆ ಚಾಚಿದ ಬಂಡೆಯ ಮೇಲೆ ದೇವಿಯ ಗುಡಿ. ಗುಡಿಯ ಮುಂದೆ ಕಡಲಲ್ಲದೆ ಬೇರೇನೂ ಇರಲಿಲ್ಲ. ಅಲ್ಲಿಯ ಅರ್ಚಕ ನಿಜವಾದ ಭಕ್ತ. ತಟ್ಟೆಗೆ ಬಿದ್ದದ್ದನ್ನು ನೋಡಿ ಮಂತ್ರವನ್ನು ಉದ್ದ ಮಾಡುವವನಲ್ಲ, ಗಿಡ್ಡ ಮಾಡುವವನೂ ಅಲ್ಲ. ದೇವಿಗೆ ಚಳಿಯಾದೀತೆಂದು ಮಾಗಿಯಲ್ಲಿ ಅಭಿಷೇಕದ ನೀರನ್ನು ಬೆಚ್ಚಗೆ ಕಾಯಿಸುತ್ತಿದ್ದ. ನಗುವವರು ನಗಲಿ, ಅಷ್ಟು ಪ್ರೀತಿ ಎಲ್ಲರಿಗೂ ಒಲಿಯುವುದಿಲ್ಲ.

ಪ್ರತಿ ಮುಸ್ಸಂಜೆ ಗುಡಿಯ ಜಗಲಿಯ ಮೇಲೆ ಒಂದು ದೀಪ ಹಚ್ಚುವುದು ಅಲ್ಲಿಯ ಪದ್ಧತಿ. ಗಾಳಿಗೆ ಆರಬಾರದೆಂದು ಹಿರಿಯರು ಅದಕ್ಕೊಂದು ಕಲ್ಲಿನ ಗೂಡು ಮಾಡಿಸಿದ್ದರು. ಗೂಡಿನ ಬಾಯಿ ದೇವಿಯ ಕಡೆಗೆ, ಬೆನ್ನು ಕಡಲ ಕಡೆಗೆ. ಬೆಳಕೆಲ್ಲ ದೇವಿಯ ಮುಖದ ಮೇಲೆಯೇ ಬೀಳುತ್ತಿತ್ತು. ದೀಪ ಹಚ್ಚುವ ಕೆಲಸಕ್ಕೆ ಒಬ್ಬ ಮೀನುಗಾರನನ್ನು ಇಟ್ಟಿದ್ದರು. ಕೈಯೊಂದು ಮುರಿದು ಸೊಟ್ಟಗೆ ಕೂಡಿಕೊಂಡದ್ದರಿಂದ ಹುಟ್ಟು ಹಾಕಲಾಗದೆ ದಡದಲ್ಲಿ ಉಳಿದವನು. ಅವನು ದೀಪ ಹಚ್ಚುತ್ತಿದ್ದ, ಕೈ ಮುಗಿಯುತ್ತಿರಲಿಲ್ಲ. ಅರ್ಚಕ ಇದನ್ನು ಕಂಡಿದ್ದ. ಇವತ್ತಲ್ಲ ನಾಳೆ ಮುಗಿದಾನು ಎಂದು ಸುಮ್ಮನಿದ್ದ.

ಒಂದು ಸಂಜೆ ಅರ್ಚಕ ಗುಡಿಗೆ ಬಂದಾಗ ದೇವಿ ಕತ್ತಲಲ್ಲಿದ್ದಳು. ಮೀನುಗಾರ ದೀಪವನ್ನು ಗೂಡಿನಿಂದ ತೆಗೆದು ಅದರ ಆಚೆಗೆ, ಕಡಲ ಬದಿಗೆ ಇಟ್ಟಿದ್ದ. ಆ ವರ್ಷ ಹೊಳೆ ಕಡಲು ಸೇರುವಲ್ಲಿ ಮರಳು ಕೂತು ದೋಣಿಯ ದಾರಿ ಕಿರಿದಾಗಿತ್ತು. ಹೊತ್ತು ಮೀರಿ ಬರುವ ದೋಣಿ ಬಂಡೆಗೆ ಬಡಿಯುವ ಭಯವಿತ್ತು. ಅದಕ್ಕೇ ಅವನು ಬತ್ತಿಯನ್ನು ದಪ್ಪಗೆ ಹೊಸೆದು, ಗಾಳಿ ಬೀಸುವ ಮಗ್ಗುಲಿಗೆ ತಾನೇ ಗೋಡೆಯಂತೆ ಕೂತಿದ್ದ. ದೀಪ ಆರಿದರೆ ಮತ್ತೆ ಹಚ್ಚುತ್ತಿದ್ದ.

ಮರುದಿನ ಊರೆಲ್ಲ ಅದೇ ಮಾತು. ದೀಪಕ್ಕೆ ಎಣ್ಣೆ ಕೊಡುತ್ತಿದ್ದ ವ್ಯಾಪಾರಿಯೊಬ್ಬ, “ನಾನು ಎಣ್ಣೆ ಕೊಡುವುದು ದೇವಿಗೆ, ಮೀನಿಗಲ್ಲ” ಎಂದ. ದೇವಿಯನ್ನು ಕತ್ತಲಲ್ಲಿ ಕೂರಿಸಿದ ಊರಿಗೆ ಕೇಡು ತಪ್ಪದು ಎಂದರು ಹಿರಿಯರು. ಅರ್ಚಕನಿಗೂ ಅದೇ ಅಳುಕು. ಅವನು ಮೀನುಗಾರನನ್ನು ಕರೆಸಿದ.

“ನಿನಗೆ ದೇವಿಯ ಮೇಲೆ ನಂಬಿಕೆ ಉಂಟೋ ಇಲ್ಲವೋ?”

“ದೇವಿ ಇದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ ಭಟ್ರೇ. ಕಡಲಲ್ಲಿ ನಮ್ಮ ಜನ ಇದ್ದಾರೆ. ಅಷ್ಟು ಗೊತ್ತುಂಟು.”

ಒಂದು ಹೂಂ ಎಂದಿದ್ದರೆ ಕೆಲಸ ಉಳಿಯುತ್ತಿತ್ತು. ಅರ್ಚಕ ಆ ಹೂಂಗಾಗಿಯೇ ಕಾದಿದ್ದ, ಪಾಪ. ಹೊಟ್ಟೆಪಾಡಿಗಾದರೂ ಸುಳ್ಳು ಹೇಳುವ ಅಭ್ಯಾಸ ಆ ಮನುಷ್ಯನಿಗಿರಲಿಲ್ಲ. ಅರ್ಚಕ ಅವನನ್ನು ಕೆಲಸದಿಂದ ಬಿಡಿಸಿ, ಇನ್ನು ಮೇಲೆ ದೀಪ ತಾನೇ ಹಚ್ಚುವೆನೆಂದ. ಮೀನುಗಾರ ಜಗಲಿ ಗುಡಿಸಿ, ಬತ್ತಿಯ ಬಟ್ಟೆಯನ್ನು ಮಡಿಸಿಟ್ಟು ಹೋದ. ದೀಪ ಮತ್ತೆ ಗೂಡು ಸೇರಿತು. ದೇವಿಯ ಮುಖ ಬೆಳಗಿತು. ಊರಿಗೆ ಸಮಾಧಾನವಾಯಿತು.

ಆ ಸಮಾಧಾನ ಬಹಳ ದಿನ ಬಾಳಲಿಲ್ಲ. ಒಂದು ಮಧ್ಯಾಹ್ನ ದೋಣಿಗಳು ಕಡಲಲ್ಲಿದ್ದಾಗಲೇ ಮೋಡ ಕವಿಯಿತು. ಹೊತ್ತು ಮುಳುಗುವ ಮೊದಲೇ ಕತ್ತಲಾಯಿತು. ಊರಿನ ಗಂಡಸರೆಲ್ಲ ನೀರಿನ ಮೇಲೆ, ಹೆಂಗಸರೆಲ್ಲ ದಂಡೆಯ ಮೇಲೆ. ಗಾಳಿಯ ಆರ್ಭಟಕ್ಕೆ ಗೂಡಿನಲ್ಲೂ ದೀಪ ನಿಲ್ಲಲಿಲ್ಲ. ಅರ್ಚಕ ಅದನ್ನು ಒಳಗೆ ತಂದು, ಬಾಗಿಲು ಹಾಕಿಕೊಂಡು, ದೇವಿಯ ಮುಂದಿಟ್ಟ. ದೋಣಿಗಳನ್ನು ಕಾಯಬೇಕೆಂದು ಗಂಟೆ ಬಾರಿಸುತ್ತ ಬೇಡಿಕೊಂಡ. ಬಾಯಿಮಾತಿಗೆ ಬೇಡಿದ್ದಲ್ಲ, ಅವನ ಕಣ್ಣಲ್ಲಿ ನೀರಿತ್ತು.

ಕೈಸೋತು ಗಂಟೆ ನಿಂತಾಗ ಹೊರಗೆ ಯಾರೋ ಕೂಗುವುದು ಕೇಳಿಸಿತು. ಬಾಗಿಲು ತೆರೆದು ನೋಡಿದ. ಬಂಡೆಯ ತುದಿಯಲ್ಲಿ ಮೀನುಗಾರ ನಿಂತಿದ್ದ. ಸೊಟ್ಟ ಕೈಯನ್ನು ಬಾಯಿಗೆ ಹಿಡಿದು, ದೋಣಿಯಲ್ಲಿದ್ದ ಒಬ್ಬೊಬ್ಬನ ಹೆಸರನ್ನೂ ಕಡಲಿಗೆ ಕೂಗುತ್ತಿದ್ದ. ಅವನ ಗಂಟಲು ಒಡೆದುಹೋಗಿತ್ತು. ಗಾಳಿ ಆ ಹೆಸರುಗಳನ್ನು ಅವನ ಬಾಯಿಗೇ ಹಿಂದಕ್ಕೆ ತುರುಕುತ್ತಿತ್ತು.

“ಒಳಗೆ ಬಾ. ಇಬ್ಬರೂ ಕೂಡಿ ಬೇಡಿಕೊಳ್ಳೋಣ” ಎಂದ ಅರ್ಚಕ.

“ಬಾಗಿಲು ಬಡಿದೆ, ಗಂಟೆ ಸದ್ದಿಗೆ ನಿಮಗೆ ಕೇಳ್ಲಿಲ್ಲ. ಬೇಡಿಕೊಳ್ಳೋದು ನಿಮಗೆ ಬರ್ತದೆ ಭಟ್ರೇ, ನೀವು ಬಿಡಬೇಡಿ. ನನಗೆ ಆ ದೀಪ ಕೊಡಿ.”

ಅರ್ಚಕ ದೇವಿಯ ಕಡೆ ತಿರುಗಿ ನೋಡಿದ. ಇಂಥ ಹೊತ್ತಿನಲ್ಲಿ ದೇವಿಯನ್ನು ಕತ್ತಲಿಗೆ ತಳ್ಳಿ ಅವಳು ಮುನಿದರೆ ಒಂದು ದೋಣಿಯೂ ಉಳಿಯಲಾರದು ಎಂದು ಅವನು ನಂಬಿದ್ದ. ದೀಪ ಕೊಡದಿದ್ದರೆ ಆಗುವುದೂ ಎದುರಿಗೇ ಕಾಣುತ್ತಿತ್ತು. ಅವನು ಒಳಗೆ ಹೋಗಿ ಅಡ್ಡಬಿದ್ದ. “ತಾಯೀ, ಇವತ್ತೊಂದು ದಿನ ತಾಳಿಕೋ” ಎಂದು ದೀಪವನ್ನು ಎತ್ತಿಕೊಂಡು ಹೊರಗೆ ಬಂದ.

ಇಬ್ಬರೂ ಗುಡಿಗೆ ಬೆನ್ನು ಹಾಕಿ ಬಂಡೆಯ ಮೇಲೆ ಕೂತರು. ಒಂದು ಮಗ್ಗುಲಿಗೆ ಮೀನುಗಾರನ ಮೈ, ಇನ್ನೊಂದು ಮಗ್ಗುಲಿಗೆ ಅರ್ಚಕ ಹರಡಿ ಹಿಡಿದ ಶಲ್ಯ, ನಡುವೆ ದೀಪ. ಆರಿದಂತೆಲ್ಲ ಹಚ್ಚಿದರು. ಶಲ್ಯದ ಅಂಚು ಸುಟ್ಟದ್ದು ಅರ್ಚಕನಿಗೆ ತಿಳಿಯಲಿಲ್ಲ. ಒಬ್ಬನ ಬಾಯಲ್ಲಿ ದೇವಿಯ ಹೆಸರು, ಇನ್ನೊಬ್ಬನ ಬಾಯಲ್ಲಿ ದೋಣಿಯವರ ಹೆಸರು. ಎರಡೂ ನಿಲ್ಲಲಿಲ್ಲ. ಕಡಲಲ್ಲಿ ದಿಕ್ಕು ತಪ್ಪಿದ್ದ ದೋಣಿಗಳು ಬೆಳಕು ಕಂಡು ಒಂದೊಂದಾಗಿ ತಿರುಗಿಕೊಂಡವು.

ಕೊನೆಯ ದೋಣಿ ದಡದ ಮರಳಿಗೆ ತಾಗಿದ ಮೇಲೆ ಮೀನುಗಾರ ಎದ್ದು, ಮೈ ಒದರಿಕೊಂಡು ಮನೆಗೆ ಹೊರಟ. ಯಾರಾದರೂ ಹೊಗಳಲಿ ಎಂದು ನಿಲ್ಲಲಿಲ್ಲ. ಅರ್ಚಕ ಅವನು ಹೋದ ದಾರಿಯನ್ನೇ ನೋಡುತ್ತ ನಿಂತ. ಇಷ್ಟು ವರ್ಷ ಸ್ತೋತ್ರ ಹೇಳಿಯೂ ಅಂಥ ಒಂದು ಕೂಗು ತನ್ನ ಬಾಯಿಂದ ಬಂದಿರಲಿಲ್ಲ ಎಂದು ಅವನಿಗೆ ಅನ್ನಿಸಿತು. ಆ ಅನ್ನಿಸಿಕೆಯಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ಇಂಥವನನ್ನು ಕಣ್ಣಾರೆ ಕಂಡೆನಲ್ಲ ಎಂಬ ಸಂತೋಷವಿತ್ತು.

ಮರುದಿನ ಅರ್ಚಕ ತಾನೇ ಅವನ ಮನೆಗೆ ಹೋಗಿ ಕೆಲಸಕ್ಕೆ ಕರೆದ. ಅವನು ಬಂದು ದೀಪ ಹಚ್ಚಿ ಕಡಲಿಗೇ ಇಟ್ಟ. ಆಗಲೂ ಕೈ ಮುಗಿಯಲಿಲ್ಲ. ವ್ಯಾಪಾರಿ ಮುಖ ಗಂಟು ಹಾಕಿಕೊಂಡೇ ಎಣ್ಣೆಯನ್ನು ಹೆಚ್ಚಿಗೆ ಕಳಿಸಿದ.

ಗುರುಗಳು ಕತೆ ನಿಲ್ಲಿಸಿದರು. ದೋಣಿಗಳು ದಡ ಸೇರಿದ್ದಕ್ಕೆ ಶಿಷ್ಯನಿಗೆ ಹಾಯೆನಿಸಿತ್ತು. ಆದರೂ ಒಳಗೊಂದು ಮುಳ್ಳು ಉಳಿದಿತ್ತು.

“ದೇವಿಯನ್ನು ಕತ್ತಲಲ್ಲಿ ಬಿಟ್ಟು, ಅವಳಿಗೆ ಬೆನ್ನು ಹಾಕಿ ಕೂತರಲ್ಲ ಗುರುಗಳೇ, ಅವಳಿಗೆ ಕೋಪ ಬರಲಿಲ್ಲವೆ?”

“ಪ್ರತಿಷ್ಠೆಯಾದ ದಿನದಿಂದಲೂ ಅವಳು ಕಡಲನ್ನೇ ನೋಡುತ್ತ ಕೂತಿದ್ದಾಳಪ್ಪ; ನಿನ್ನ ತಂದೆ ಯಾರ ಕಡೆ ನೋಡುತ್ತಿದ್ದರು?” ಎಂದರು ಗುರುಗಳು.

ಆ ಸಂಜೆಯ ಪ್ರಾರ್ಥನೆಯಲ್ಲಿ ತೀರಿಕೊಂಡವರ ಹೆಸರು ಹೇಳುವಾಗ ಶಿಷ್ಯ ಅಪ್ಪನ ಹೆಸರನ್ನೂ ಹೇಳಿದ.